ಬಣ್ಣದ ಮೇಲೆ ಕೂತ ಸ್ಕ್ರೂ

ವಯೋಮಿಂಗ್‌ನ ಕಡಿದಾದ ಘಾಟಿಯ ನೆತ್ತಿಯಲ್ಲಿ, ಟ್ರೇಲರ್‌ಗಳ ತಂಗುದಾಣದಲ್ಲಿ ಹಾರ್ಲನ್ ಸಿಕ್ಕಿಬಿದ್ದಿದ್ದ. ಗಾಡಿಯ ಹಿಂದೆ ಎಳೆದೊಯ್ಯುವ ಅವನ ಮನೆಟ್ರೇಲರಿನ ಕರೆಂಟ್ ಬ್ರೇಕ್ ಹಿಡಿಯುತ್ತಿರಲಿಲ್ಲ. ರಿಪೇರಿಗೆ ಬಂದವಳು ವರ್ನಾ. ಮೂರು ವರ್ಷದ ಹಿಂದೆ, ಹೆಂಗಸಿಗೆ ವೈರಿಂಗ್ ತಲೆಗೆ ಹತ್ತುವುದಿಲ್ಲವೆಂದು ಗಿರಾಕಿಗಳೆದುರೇ ಅವಳನ್ನು ತನ್ನ ವರ್ಕ್‌ಶಾಪಿನಿಂದ ಓಡಿಸಿದ್ದವನು ಇವನೇ.

"ನಾಲ್ಕು ಚಕ್ರಕ್ಕೂ ಬ್ರೇಕಿನ ಹೊಸ ಮ್ಯಾಗ್ನೆಟ್ ನಾನೇ ಹಾಕಿದೀನಿ. ಇನ್ನೇನು ನೋಡ್ತೀಯ?" ಎಂದ ಹಾರ್ಲನ್.

ವರ್ನಾ ಮೀಟರ್ ಹಿಡಿದಳು. ಹನ್ನೆರಡು ವೋಲ್ಟ್ ಬರಬೇಕಾದಲ್ಲಿ ಐದೇ ಬರುತ್ತಿತ್ತು. ಕೆಳಗೆ ತೂರಿ ನೋಡಿದರೆ, ಅರ್ಥ್ ವೈರನ್ನು ಅವನು ಚೌಕಟ್ಟಿನ ಹೊಸ ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಬಿಗಿದಿದ್ದ; ಬಣ್ಣ ಕರೆಂಟನ್ನು ತಡೆಯುತ್ತಿತ್ತು. ಬಣ್ಣ ಕೆರೆದರೆ ಎರಡು ನಿಮಿಷದ ಕೆಲಸ. ಅವಳು ಕೆರೆಯಲಿಲ್ಲ, ಕಾಫಿ ಹೀರುತ್ತಿದ್ದ ಅಕ್ಕಪಕ್ಕದವರನ್ನು ಕೂಗಿ ಕರೆದಳು.

"ಬಣ್ಣದ ಮೇಲೆ ಅರ್ಥ್ ಕೊಟ್ಟಿದಾರೆ, ನೋಡ್ಬನ್ನಿ! ಯಜಮಾನ್ರೇ, ತಂತಿ ಬ್ರಷ್ ತಗೊಳ್ಳಿ, ನೀವೇ ಕೆಳಗೆ ತೂರಿ."

ಜನ ನಕ್ಕರು. ಹಾರ್ಲನ್ ಜಲ್ಲಿಯ ಮೇಲೆ ಅಂಗಾತ ಮಲಗಿ ಕೆರೆದ. ಬಣ್ಣದ ಹುಡಿ ಗಡ್ಡಕ್ಕೆ ಉದುರಿತು. ವೈರ್ ಬಿಗಿದದ್ದೇ ಮೀಟರ್ ಹನ್ನೆರಡು ತೋರಿಸಿತು.

"ಸಾಕಾಯ್ತಾ ನಿಂಗೆ?" ಎಂದು ಗೊಣಗಿದ.

"ಇಲ್ಲ, ಆ ತುದೀಲಿ ಇನ್ನೊಂದು ಸ್ಕ್ರೂ ಇದೆ. ಅಲ್ಲೂ ಕೆರೀರಿ."

ಅವನು ತೆವಳುತ್ತ ಹೋದ. ಆ ಸ್ಕ್ರೂಗೂ ಬ್ರೇಕಿಗೂ ಸಂಬಂಧವೇ ಇರಲಿಲ್ಲ.