ಆರಕ್ಕೂ ಎಂಟಕ್ಕೂ ನಡುವೆ

ಟಪ್ — ನಲ್ಲಿ, ಬಚ್ಚಲಿನ ನಲ್ಲಿ, ಮಲಗುವ ಮುಂಚೆ ಬಿಗಿಯಾಗಿ ತಿರುವಿದ್ದೆನಲ್ಲ, ಆದರೂ ಸ್ಟೀಲ್ ಬಕೆಟ್ಟಿಗೆ ಒಂದೊಂದೇ ಹನಿ, ಟಪ್, ಇಷ್ಟು ಸಣ್ಣ ಸದ್ದು ಇಷ್ಟು ಹೊತ್ತಿನಲ್ಲಿ ಮನೆ ತುಂಬ ಕೇಳುತ್ತದೆ, ಜಲನಗರದ ನಾಯಿಗಳೂ ಸುಮ್ಮನಾಗಿವೆ, ಬೋರವ್ವತ್ತೆ ಮಲಗಿರುವುದು ಬಚ್ಚಲಿಗೆ ಅಂಟಿಕೊಂಡ ಕೋಣೆಯಲ್ಲಿ, ಎದ್ದು ಬೈಯಬೇಕಿತ್ತು, ಯಾವಾಕಿಬೇ ನಳಾ ಬಿಟ್ಟಾಕಿ ಅಂತ ಇಡೀ ಓಣಿಯನ್ನು ಎಬ್ಬಿಸಬೇಕಿತ್ತು, ಇರುವಿ ಹರದಾಡಿದ್ರೂ ನನಗ ಎಚ್ಚರಾಗತೈತಿ ಅನ್ನುವವಳು ಗೊರಕೆ ಹೊಡೆಯುತ್ತಿದ್ದಾಳೆ, ಅವಳಿಗೆ ಕೇಳಿಸುವುದಿಲ್ಲ, ನಿನ್ನೆಯಿಂದ ನನಗೆ ಗೊತ್ತು, ನನಗೊಬ್ಬಳಿಗೇ ಗೊತ್ತು, ಹೇಳಬೇಕೇ, ಬೆಳಗಾದರೆ ಪುಣೆ, ಅಲ್ಲಿ ಬಯಲು ತುಂಬ ಜನ, ಅಷ್ಟು ಜನರ ಮುಂದೆ ನನ್ನ ತಂಗಿ ವಿಶಾಖಾ ತನ್ನ ಆಲ್ಬಮ್ ನುಡಿಸುತ್ತಾಳೆ, ಕಂಪ್ಯೂಟರಿನಲ್ಲಿ ಹಿಡಿದಿಟ್ಟ ದನಿಯಲ್ಲ, ಈ ಸಲ ಅಪ್ಪನ ಅಕ್ಕ ಬೋರವ್ವ, ನಿಡೋಣಿಯ ಬೋರವ್ವ, ಖುದ್ದು ನಿಂತು ಆ ಬೀಟಿನ ಮೇಲೆ ಎಣಿಸಬೇಕು, ಬೀಟು ಕೇಳಿಸದ ಹೆಂಗಸು ಬೀಟಿನ ಮೇಲೆ ಎಣಿಸಬೇಕು, ಅರೆಕ್ಷಣ ತಪ್ಪಿದರೆ ಇಷ್ಟು ದಿನದ್ದೆಲ್ಲ — ಟಪ್ — ಬೇಡ, ಆ ಕಡೆ ಯೋಚನೆ ಬೇಡ, ನಾನು ಯಾವಾಗಲೂ ಹೀಗೆಯೇ, ಬಿದ್ದ ಮೇಲೆ ಏನೆಂದು ಏಳುವ ಮೊದಲೇ ಯೋಚಿಸುತ್ತೇನೆ.

ಆ ಸಂಗೀತ ಹುಟ್ಟಿದ್ದು ಮಣೂಕದ, ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಅಂದರೆ ಹೊರಗಿನವರು ನಂಬುವುದಿಲ್ಲ, ತಿಕೋಟಾ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಹಸಿರು ಪರದೆ ಕಟ್ಟಿದ ಉದ್ದುದ್ದ ಶೆಡ್ಡುಗಳು, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ದ್ರಾಕ್ಷಿ ಒಣಗುತ್ತದೆ, ಒಣಗಿದ ದಿನ ಹೆಂಗಸರು ಸಾಲಾಗಿ ನಿಂತು ಬಲೆ ಅಲ್ಲಾಡಿಸುತ್ತಾರೆ, ಮೇಲಿನದು ನಡುವಿನದಕ್ಕೆ, ನಡುವಿನದು ಕೆಳಗಿನದಕ್ಕೆ, ಕೊನೆಗೆ ತಾಡಪತ್ರಿಯ ಮೇಲೆ, ಸರ್ರ್ ಅಂತ ಒಂದು ಒಣ ಮಳೆ, ವಿಶಾಖಾ ಅದರ ಕೆಳಗೆ ಮೈಕ್ ಹಿಡಿದು ಅಂಗಾತ ಮಲಗಿದ್ದಳು, ಬಾಯಿಗೆ ಮಣೂಕ ಬೀಳುತ್ತಿತ್ತು, ಅತ್ತೆ ಕುರ್ಚಿಯಿಂದಲೇ ಕೂಗಿದಳು, ಏ ಹುಚ್ಚಿ, ಡಿಪ್ಲೊಮಾ ಓದಿಸಿದ್ದು ಮಣೂಕ ತಿನ್ನಾಕೇನ? ಶೆಡ್ಡಿನಲ್ಲಿ ಕುರ್ಚಿ ಇರುವುದು ಅವಳೊಬ್ಬಳಿಗೆ, ಲಾರಿಗೆ ಕ್ರೇಟು ಏರಿಸುವಾಗ ಎಣಿಸುವವಳು ಅವಳು, ಅವಳ ಎಣಿಕೆಯನ್ನು ಮಾಲಕರೂ ಒಪ್ಪುತ್ತಾರೆ, ವ್ಯಾಪಾರಿಗಳೂ ಒಪ್ಪುತ್ತಾರೆ, ಆ ಗತ್ತು ಮುಖದ ಮೇಲೆ ಬೆಳಗಿನಿಂದ ಸಂಜೆಯ ತನಕ ಇರುತ್ತದೆ. ಲಾಭಾ, ಎರಡಾ, ಮೂರಾ, ನಾಕಾ, ಐದಾ, ಆರಾ — ಆಮೇಲೆ ಬಾಯಿ ಮುಚ್ಚುತ್ತಾಳೆ, ಮೊದಲನೆಯದಕ್ಕೆ ಒಂದು ಅನ್ನಬಾರದು, ಲಾಭ ಅನ್ನಬೇಕು, ಆರಾದ ಮೇಲಿನದನ್ನು ಮಾಲಿನ ಮುಂದೆ ಬಾಯಲ್ಲಿ ತರಲೇಬಾರದು, ಅಪಶಕುನ, ಆ ಕ್ರೇಟು ಸುಮ್ಮನೆ ಕೈಯಿಂದ ಕೈಗೆ ದಾಟುತ್ತದೆ, ಆಮೇಲೆ ಎಂಟಾ. ವಿಶಾಖಾಳಿಗೆ ಇದು ನೆನಪಿರಲಿಲ್ಲ, ಹಾಸ್ಟೆಲಿನಲ್ಲಿ ಬೆಳೆದವಳು, ರೆಕಾರ್ಡರ್ ಕೆಟ್ಟಿದೆಯೆಂದು ಮತ್ತೆ ಮತ್ತೆ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಳು, ಅಕ್ಕಾ, ಅತ್ತಿ ಒಂದ ನಂಬರ ನುಂಗಾಕತ್ತಾಳ ಅಂದಳು, ನುಂಗಿಲ್ಲಬೇ, ಅದು ಹಂಗ ಐತಿ, ಅಂದೆ ನಾನು, ಅಷ್ಟೇ ನಾನು ಆ ಆಲ್ಬಮ್ಮಿಗೆ ಕೊಟ್ಟದ್ದು. ಅವಳು ಆ ಜಾಗಕ್ಕೆ ಹಲಗೆವಾದ್ಯದ ಪೆಟ್ಟು ಹಾಕಿ ನೋಡಿದಳು, ಚಪ್ಪಾಳೆ ಹಾಕಿ ನೋಡಿದಳು, ಕೊನೆಗೆ ಖಾಲಿ ಬಿಟ್ಟಳು, ಪೂರ್ತಿ ಖಾಲಿ, ಬೇಸ್ ಇಲ್ಲ, ಮಳೆ ಇಲ್ಲ, ಉಸಿರೂ ಇಲ್ಲ, ಅಶ್ಫಾಕನ ಗೋದಾಮಿನಲ್ಲಿ ಶಟರ್ ಎಳೆದುಕೊಂಡು ಮೊದಲ ಸಲ ಹಾಕಿದರು, ಅಶ್ಫಾಕನದು ಡಿ.ಜೆ. ಬಾಕ್ಸು ಬಾಡಿಗೆ ಕೊಡುವ ಕೆಲಸ, ಗೋಡೆಯೆತ್ತರ ಕರಿ ಬಾಕ್ಸುಗಳು, ಆರಾ ಅಂತ ಬಂತು, ಆಮೇಲೆ ನೆಲವೇ ಇಲ್ಲದಂತೆ, ಬಾವಿಯಲ್ಲಿ ಕಾಲಿಟ್ಟಂತೆ, ನಾನು ಕುರ್ಚಿಯ ಕೈ ಹಿಡಿದುಕೊಂಡೆ, ಎಂಟಾ ಬಂದಾಗ ಎದೆಯೊಳಗೇ ಬಂತು, ಅಶ್ಫಾಕ ಬಾಕ್ಸು ಆರಿಸಿ ವಿಶಾಖಾಳತ್ತ ತಿರುಗಿದ, ಮೇಡಂ, ಇದನ್ನ ಯಾರಿಗೂ ಮುಟ್ಟಾಕ ಕೊಡಬ್ಯಾಡ್ರಿ ಅಂದ.

ಬಬಲೇಶ್ವರದ ಮದುವೆ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲಿನ ಬಾಕ್ಸಿನಿಂದ ಅದು ಮೊದಲು ಊರಿಗೆ ಬಿತ್ತು, ಸದ್ದು ನಿಂತ ಕೂಡಲೇ ಯಾರೋ ಕೂಗಿದರು, ಬಾಕ್ಸ್ ಸುಟ್ಟಾವಲೇ ಅಶ್ಫಾಕ್ಯಾ, ರೊಕ್ಕ ವಾಪಸ್ ಕೊಡು, ಆ ಮಾತು ಮುಗಿಯುವ ಮೊದಲೇ ಎಂಟಾ ಬಿತ್ತು, ಎರಡನೇ ಸುತ್ತಿಗೆ ಕುಣಿಯುವವರಿಗೆ ತಿಳಿದುಬಿಟ್ಟಿತು, ಹೇಗೆ ತಿಳಿಯಿತೋ, ಯಾರೂ ಹೇಳಿಕೊಟ್ಟಿಲ್ಲ, ಆರಾ ಅಂದೊಡನೆ ಎತ್ತಿದ ಕಾಲು ಎತ್ತಿದಂತೆಯೇ, ಮೇಲೆ ಹೋದ ಕೈ ಮೇಲೆಯೇ, ಮದುಮಗನ ಅಜ್ಜನೂ ಕೋಲು ಎತ್ತಿಕೊಂಡು ನಿಂತಿದ್ದ, ಇಡೀ ಬೀದಿಯಲ್ಲಿ ಜನರೇಟರಿನ ಗುಡುಗುಡು ಒಂದೇ. ಆಮೇಲೆ ವಿಜಯಪುರದಲ್ಲಿ ಗಣಪತಿ ಕಳಿಸುವಾಗ ಗಾಂಧಿಚೌಕದಲ್ಲಿ ಅದೇ, ಸಾವಿರ ಜನ ಒಟ್ಟಿಗೆ ಉಸಿರು ಹಿಡಿದ ಸದ್ದು — ಹಿಡಿದ ಉಸಿರಿಗೆ ಸದ್ದಿಲ್ಲ, ಆದರೆ ನಾನು ಅಂಗಡಿಯ ಕಟ್ಟೆ ಮೇಲೆ ನಿಂತು ಕೇಳಿದ್ದೇನೆ, ಮೈ ಮೇಲಿನ ಕೂದಲು ನಿಂತಿತ್ತು, ಇದನ್ನು ನನ್ನ ತಂಗಿ ಮಾಡಿದಳೇ, ಹಾಲು ಕಾಯಿಸಲು ಬಾರದ ನನ್ನ ತಂಗಿ? ಆಮೇಲೆ ಮೊಬೈಲಿನಲ್ಲಿ, ಆಮೇಲೆ ಮುಂಬೈ, ಆಮೇಲೆ ಲಿಸ್ಬನ್ ಅಂತ ಒಂದು ಊರಿನ ನೆಲಮಾಳಿಗೆಯ ವಿಡಿಯೊ, ಬೆವೆತ ಬಿಳಿ ಮುಖಗಳು ಲಾಭಾ ಅನ್ನುತ್ತಿದ್ದವು, ಆರಾ ಆದ ಮೇಲೆ ಕಣ್ಣು ಮುಚ್ಚಿಕೊಂಡು ನಿಂತಿದ್ದವು, ನಾನು ಅದನ್ನು ಅತ್ತೆಗೆ ತೋರಿಸಿದೆ, ಅವಳು ಫೋನನ್ನು ಕಿವಿಗೆ ಹಿಡಿಯಲಿಲ್ಲ, ಕಣ್ಣಿಗೆ ಹತ್ತಿರ ಹಿಡಿದಳು, ಹಾಂ, ಚಂದ ಅಂತಾರ ಬಿಡು, ಆದ್ರ ನನ್ನ ಫೋಟೊ ಎಲ್ಲೈತಿ ಇದರಾಗ? ನಾನು ನಕ್ಕೆ. ಆಗಲೇ ತಿಳಿಯಬೇಕಿತ್ತು.

ನಿನ್ನೆ ಗೋದಾಮಿನಲ್ಲಿ ತಾಲೀಮು, ಅತ್ತೆ ಹೊಸ ಇಳಕಲ್ ಸೀರೆಯಲ್ಲಿ ಬಂದಿದ್ದಳು, ಪುಣೆಯ ಮಂದಿ ನೋಡಬೇಕ ನೋಡು ನಿಡೋಣಿಯ ಹೆಣ್ಣು ಹೆಂಗಿರತಾಳ ಅಂತ, ಬಂದವಳೇ ದೊಡ್ಡ ಬಾಕ್ಸಿನ ಪಕ್ಕ ನಿಂತು ಅದರ ಕರಿ ಜಾಳಿಗೆಯ ಮೇಲೆ ಅಂಗೈ ಊರಿದಳು, ಎಮ್ಮೆಯ ಬೆನ್ನ ಮೇಲೆ ಕೈ ಇಡುವ ಹಾಗೆ, ಎಲ್ಲರೂ ಅದನ್ನು ಅವಳ ಗತ್ತು ಅಂದುಕೊಂಡರು, ನಾನೂ. ಲಾಭಾ, ಎರಡಾ, ಸರಿಯಾಗಿ ಬೀಟಿನ ನೆತ್ತಿಯ ಮೇಲೆ, ವಿಶಾಖಾ ಖುಷಿಯಿಂದ ಕುಣಿದಳು. ಅಶ್ಫಾಕ ಕೈಮಾಡಿ ಕರೆದ, ಬೋರವ್ವಾರ, ಬಾಕ್ಸಿಗೆ ಅರ್ಥಿಂಗ್ ಇಲ್ಲರಿ, ಶಾಕ್ ಹೊಡದೀತು, ಇತ್ತ ಮೈಕಿನ ಕಡೆ ಬರ್ರಿ, ಅವಳು ಈಚೆಗೆ ಬಂದಳು, ಐದಾ ಮುಂಚೆ ಬಂತು, ಎಂಟಾ ಬರಲೇ ಇಲ್ಲ, ಎಲಿ ಅಡಕಿ ಹಲ್ಲಾಗ ಸಿಕ್ಕಿತ್ತೋ ಯಪ್ಪಾ ಅಂದಳು, ನಗು, ಮತ್ತೆ ಬಾಕ್ಸಿನ ಬಳಿ ಹೋಗಿ ಅಂಗೈ ಊರಿದಳು, ಮತ್ತೆ ಎಲ್ಲ ಸರಿ. ಆಮೇಲೆ ಆ ಜಾಗ ಬಂತು, ಬೇಸ್ ಪೂರ್ತಿ ಇಳಿದು ಬಲೆಯಿಂದ ಮಣೂಕ ಸುರಿಯುವುದಷ್ಟೇ ಉಳಿಯುವ ಜಾಗ, ಗೋದಾಮೆಲ್ಲ ಆ ಒಣ ಮಳೆ, ನನ್ನ ಕಣ್ಣು ತುಂಬಿತ್ತು, ಅತ್ತೆ ಅಶ್ಫಾಕನ ಕಡೆ ತಿರುಗಿದಳು, ಅಂಗೈ ಇನ್ನೂ ಜಾಳಿಗೆಯ ಮೇಲೆ, ಯಾಕೋ ಬಂದ್ ಮಾಡ್ದಿ? ಎಲ್ಲರೂ ಗೊಳ್ಳೆಂದು ನಕ್ಕರು, ಅತ್ತೆ ಚೇಷ್ಟೆ ಮಾಡುತ್ತಾಳೆ ಅಂತ, ವಿಶಾಖಾ ಗಂಭೀರವಾಗಿ ತಲೆ ಆಡಿಸಿ, ಖರೇ ಅತ್ತಿ, ಇದು ಭಾಳ ಉದ್ದ ಆಗೈತಿ, ಕಡಿಮಿ ಮಾಡ್ತೀನಿ ಅಂದಳು. ನಾನು ನಗಲಿಲ್ಲ. ಅವಳ ಕೈಕೆಳಗೆ ಇಷ್ಟು ವರ್ಷ ಸುರಿದ ಮಳೆ ಅವಳ ತಲೆಯ ಮೇಲೆಯೇ ಸುರಿಯುತ್ತಿತ್ತು, ಅವಳಿಗೆ ಅದು ಇರಲೇ ಇಲ್ಲ, ಇದ್ದದ್ದು ಅಂಗೈಗೆ ತಾಗುವ ಬೇಸಿನ ಅದುರು ಮಾತ್ರ. ಅವಳ ಹಿಂದೆ ಹೋಗಿ ನಿಂತೆ, ಅತ್ತಿ ಅಂದೆ, ಮತ್ತೆ ಅಂದೆ, ಸೆರಗು ಕೂಡ ಅಲುಗಲಿಲ್ಲ.

ಈ ಸಂಜೆ ಮಾಳಿಗೆಯ ಮೇಲೆ ಹಪ್ಪಳ ತೆಗೆಯುತ್ತಿದ್ದವಳ ಬೆನ್ನಿಗೆ ಇನ್ನೊಮ್ಮೆ ಹೇಳಿ ನೋಡಿದೆ, ನನಗೆ ಖಾತ್ರಿ ಬೇಕಾಗುತ್ತದೆ, ಎಲ್ಲದಕ್ಕೂ, ಅತ್ತಿ, ಪುಣೆಗೆ ಹೋಗೂದು ಬ್ಯಾಡೇನು, ಹಪ್ಪಳ ತೆಗೆಯುತ್ತಲೇ ಇದ್ದಳು, ಅವಳು ತಿರುಗಿದಾಗ ನನ್ನ ಬಾಯಿ ಇನ್ನೂ ತೆರೆದೇ ಇತ್ತು, ಅವಳು ಹಪ್ಪಳದ ಬುಟ್ಟಿ ಇಳಿಸಿ ಹತ್ತಿರ ಬಂದು ನನ್ನ ಗದ್ದ ಹಿಡಿದು ಮೇಲೆತ್ತಿದಳು, ದೊಡ್ಡವರ ಕೂಡ ಮಾತಾಡುವಾಗ ಮುಖಾ ನೋಡಿ ಮಾತಾಡಬೇಕ, ಎಷ್ಟ ಸಲ ಕಲಿಸಬೇಕ ನಿಮಗ? ಅಯ್ಯೋ. ನಮ್ಮ ಮನೆಯ ಮಕ್ಕಳೆಲ್ಲ ಕಲಿತ ಮರ್ಯಾದೆ ಅದು, ಅತ್ತೆಯ ಎದುರು ನಿಂತು, ಮುಖ ಎತ್ತಿ, ಬಾಯಿ ತುಂಬ ಮಾತಾಡಬೇಕು, ಗೊಣಗಿದರೆ ಪೆಟ್ಟು, ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ ನನ್ನ ಉಚ್ಚಾರ ಸ್ವಚ್ಛವಾಗಿದೆ ಅನ್ನುತ್ತಾರೆ, ಅದನ್ನು ಕಲಿಸಿದ್ದು ಇವಳ ಕಿವಿ, ಇಲ್ಲದ ಕಿವಿ, ಯಾವಾಗಿನಿಂದ? ನಾನು ಸಣ್ಣವಳಿದ್ದಾಗಿನಿಂದಲೇ? ಅವಳು ನನ್ನ ಕಣ್ಣನ್ನು ಓದಿಕೊಂಡಳು, ಗದ್ದ ಬಿಡಲಿಲ್ಲ, ದನಿ ಇಳಿಸಿದಳು, ಲಾರಿಯ ಮ್ಯಾಲ ನಿಂತಾಂವ ನನ್ನ ಎಣಿಕಿಗೆ ಹೂಂ ಅಂತಾನಲ್ಲ, ಅದು ನನಗ ಅವನ ಗೋಣ ಆಡೂದರಾಗ ಕಾಣತೈತಿ, ತಿಳೀತೇನ? ಶೆಡ್ಡಿನ್ಯಾಗ ಗೊತ್ತಾದ್ರ ಮೂಲ್ಯಾಗ ಕುಂದರಸ್ತಾರ, ನಿನ್ನ ತಂಗಿಗೆ ಗೊತ್ತಾದ್ರ ಕಂಪ್ಯೂಟರಿನ್ಯಾಗಿನ ದನಿ ಹಚ್ಚಿ ನನಗ ಗೊಂಬಿ ಹಂಗ ಬಾಯಿ ಆಡಸಂತಾಳ. ಆಡಸಬೇಕೇನ ನಾನು? ನಾನು ಇಲ್ಲ ಅನ್ನುವ ಹಾಗೆ ತಲೆಯಾಡಿಸಿದೆ. ಹಂಗಾದ್ರ ಹಪ್ಪಳಾ ತಗೊಂಡ ಬಾ, ಮಂಜ ಬೀಳತೈತಿ.

ವಿಶಾಖಾ ಹಾಗೆಯೇ ಮಾಡುತ್ತಾಳೆ, ಪ್ರೀತಿಯಿಂದಲೇ ಮಾಡುತ್ತಾಳೆ, ಅವಳಿಗೆ ಆಲ್ಬಮ್ ಕೆಡಬಾರದು, ಅತ್ತೆಗೆ ಅವಮಾನ ಆಗಬಾರದು, ಎರಡಕ್ಕೂ ಅದೇ ಸರಿಯಾದ ದಾರಿ ಅಂದುಕೊಳ್ಳುತ್ತಾಳೆ, ನಾನಾದರೂ ಅದನ್ನೇ ಮಾಡುತ್ತಿದ್ದೆ, ನಿನ್ನೆಯ ತನಕ. ಊಟವಾದ ಮೇಲೆ, ಗೋದಾಮಿನಲ್ಲಿ ಸಾಮಾನು ಕಟ್ಟುತ್ತಿದ್ದವಳಿಗೆ ಫೋನ್ ಮಾಡಿದೆ, ಮಾತುಗಳನ್ನು ಒಂದೊಂದಾಗಿ ಆರಿಸಿಕೊಂಡೆ, ವಿಶಾಖಾ, ನಾಳೆ ಅತ್ತಿ ಅಲ್ಲೀ ದೊಡ್ಡ ಬಾಕ್ಸಿನ ಮಗ್ಗಲನ ನಿಂದರಲಿ, ಕೈ ಊರಿ, ಅಶ್ಫಾಕಗ ಹೇಳಿ ಅರ್ಥಿಂಗ್ ಸರಿ ಮಾಡಸು, ಫೋಟೊದಾಗ ಚಂದ ಕಾಣತೈತಿ, ಅವಳು ಕುಣಿದಾಡಿದಳು, ಅಕ್ಕಾ, ನಿನಗ ಹೆಂಗ ಹೊಳೀತು ಇದು, ಭಾರಿ ಐತಿ, ಸುಮ್ಮನಿರುವುದು ಇಷ್ಟು ಸುಲಭವೇ, ಆದರೂ ಬಯಲು ದೊಡ್ಡದು, ಗಾಳಿ ಇರುತ್ತದೆ, ಅಲ್ಲಿಯ ಬಾಕ್ಸು ಇದಲ್ಲ, ಏನಾದರೂ ಆದರೆ ಹೊಣೆ ನನ್ನದು, ನನ್ನೊಬ್ಬಳದೇ, ಇನ್ನೂ ಹೊತ್ತಿದೆ, ವಿಶಾಖಾ ಎದ್ದೇ ಇರುತ್ತಾಳೆ, ಫೋನ್ ಕೈಯಲ್ಲಿದೆ, ಅವಳ ಹೆಸರು ಬೆಳಗುತ್ತಿದೆ, ಒತ್ತಿದರೆ ಆಯಿತು — ಒತ್ತುವುದಿಲ್ಲ, ಅವಳಿಗೆ ಹೇಳುವುದಿಲ್ಲ, ಅಶ್ಫಾಕನಿಗೆ ಹೇಳುವುದಿಲ್ಲ, ಇಲ್ಲಿ ಮಗ್ಗುಲಲ್ಲಿ ಮಲಗಿರುವ ಗಂಡನಿಗೂ ಹೇಳುವುದಿಲ್ಲ, ಸಾವಿರ ಜನ ಬೀದಿಯಲ್ಲಿ ಉಸಿರು ಹಿಡಿದು ನಿಂತದ್ದು ಅತ್ತೆ ಬಾಯಿ ಮುಚ್ಚಿದ್ದಕ್ಕೆ, ನನಗೊಬ್ಬಳಿಗೆ ಮುಚ್ಚಲು ಆಗುವುದಿಲ್ಲವೇ, ಹೇಳುವುದಿಲ್ಲ, ಫೋನ್ ಆರಿತು, ಕತ್ತಲು, ಕತ್ತಲಲ್ಲಿ ಕರಿ ಜಾಳಿಗೆ, ಅದರ ಮೇಲೆ ಊರಿದ ಅಂಗೈ, ಮಣೂಕದ ಅಂಟಿನಿಂದ ಗೆರೆಗಳೆಲ್ಲ ಕಪ್ಪಾದ ಅಂಗೈ, ಆರಾ ಅಂದ ಮೇಲೆ ಆ ಐದೂ ಬೆರಳು ಮೆಲ್ಲಗೆ ಮೇಲೇಳುತ್ತವೆ, ಮುಟ್ಟದೆ, ಬಿಡದೆ, ಹಾಗೆಯೇ ನಿಂತಿವೆ