ಭಿಕ್ಕುಗಳ ಊಟಕ್ಕೆ ಬಂಗುಡೆ

ನನ್ನ ಮಗ ಮಿಥುನ ತೀರಿಕೊಂಡು ಮೂರು ತಿಂಗಳಾಗುವ ದಿನ ಅವನ ಹೆಸರಿನಲ್ಲಿ ಬೌದ್ಧ ಸ್ವಾಮಿಗಳಿಗೆ ಊಟ ಹಾಕುತ್ತೇವೆಂದು ದುಬೈಯಿಂದ ನಿಮಲ್ ಫೋನು ಮಾಡಿದ. ನಿಮಲ್ ಸಿಂಹಳದವನು. ಇಬ್ಬರೂ ಒಂದೇ ಕಂಪೆನಿಯ ವ್ಯಾನು ಓಡಿಸುತ್ತಿದ್ದರು, ಆರು ವರ್ಷ ಒಂದೇ ಕೋಣೆಯಲ್ಲಿದ್ದರು. ಮಿಥುನ ಎದೆನೋವೆಂದು ಕುಸಿದಾಗ ಆಸ್ಪತ್ರೆಗೆ ಹೊತ್ತವನೂ ಅವನೇ. ಹೆಣ ನಮ್ಮೂರು ಗಂಗೊಳ್ಳಿಗೆ ಬಂತು. ನಮ್ಮ ಕ್ರಮದಂತೆ ಎಲ್ಲವನ್ನೂ ಮಾಡಿ ಮುಗಿಸಿದೆವು. ಆದರೂ ನನಗೆ ಕುಳಿತಲ್ಲಿ ಕುಳಿತಿರಲಾಗುತ್ತಿರಲಿಲ್ಲ. ದೇವರೆದುರು ಕೈಮುಗಿದು ನಿಂತರೂ, ಹೋದವನಿಗೆ ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬುದೊಂದೇ ಯೋಚನೆ.

"ದುಬೈಯಲ್ಲಿ ನಿಮ್ಮ ಸ್ವಾಮಿಗಳು ಎಲ್ಲಿಂದ ಬಂದರು?" ಎಂದು ಕೇಳಿದೆ. ಮುಂಬಯಿ ಬಂದರಿನಲ್ಲಿ ದುಡಿದವನಾದ್ದರಿಂದ ನನಗೆ ಹಿಂದಿ ಬರುತ್ತದೆ.

"ನಮ್ಮವರು ಎಲ್ಲಿ ದುಡಿಯಲು ಹೋದರೂ ಎಲ್ಲರೂ ಸೇರಿ ಒಂದು ಮನೆ ಹಿಡಿದು ಬುದ್ಧನನ್ನು ಕೂರಿಸುತ್ತೇವೆ, ಚಾಚಾ. ಇಟಲಿಯಲ್ಲಿ ನನ್ನ ಅಕ್ಕ ಮನೆಗೆಲಸ ಮಾಡುವ ಊರಿನಲ್ಲೂ ವಿಹಾರ ಇದೆ. ಮೊದಲು ನಾವೇ ಇರುತ್ತೇವೆ, ಆಮೇಲೆ ಆ ಊರಿನವರೂ ಬಂದು ಕೂರುತ್ತಾರೆ."

ನಮ್ಮ ಕಡೆಯವರು ಹೋದಲ್ಲೆಲ್ಲ ಹೋಟೆಲು ಇಟ್ಟರು. ಇವರು ದೇವರ ಮನೆ ಇಟ್ಟಿದ್ದಾರೆ ಎಂದುಕೊಂಡೆ.

"ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು. ಸ್ವಾಮಿಗಳು ಉಂಡ ಪುಣ್ಯ ಅವನಿಗೆ ಹೋಗುತ್ತದೆ. ಏನು ಮಾಡಿಸಲಿ? ತಂದೆಯ ಬಾಯಲ್ಲಿ ಬರಬೇಕು," ಎಂದ ನಿಮಲ್.

ಸ್ವಾಮಿಗಳೆಂದರೆ ನನ್ನ ಕಣ್ಣಿಗೆ ಬರುವವರು ನಮ್ಮ ಕಡೆಯ ಮಠದವರು. ಮಿಥುನನಿಗೆ ಮೀನೆಂದರೆ ಪ್ರಾಣ, ಆದರೆ ಅವರ ಎಲೆಗೆ ಮೀನೆಂದು ನಾನು ಹೇಗೆ ಹೇಳಲಿ? "ಪಾಯಸ," ಎಂದೆ.

"ಪಾಯಸವೇ?" ಎಂದು ನಿಮಲ್ ಎರಡು ಸಲ ಕೇಳಿದ. ನಾನು ಹೌದೆಂದೆ.

ಮೂರು ತಿಂಗಳು ತುಂಬಿದ ಆ ಭಾನುವಾರ ಮಧ್ಯಾಹ್ನ ವಿಹಾರದ ಅಡಿಗೆಮನೆಯ ವೀಡಿಯೋ ಬಂತು. ಹೆಂಡತಿ ವನಜ ಅದನ್ನು ನೋಡುತ್ತಿದ್ದವಳು ಕೂಗಿದಳು.

"ಹ್ವಾಯ್, ಇಲ್ಕಾಣಿ! ಆ ಪಾತ್ರಿಯಂಗ್ ಇಪ್ಪುದ್ ಮೀನಲ್ದಾ?"

ಮೀನೇ. ಬೇರೆ ಯಾರೋ ಮನೆಯಿಂದ ಮಾಡಿ ತಂದ ದೊಡ್ಡ ತುಂಡುಗಳು, ಕೆಂಪು ಸಾರು. ಆ ಸ್ವಾಮಿಗಳು ಮೀನು ಉಣ್ಣುತ್ತಾರೆ.

"ನೀವ್ ಎಂತ ಮಾಡುಕ್ ಹೇಳಿರಿ?"

"ಪಾಯ್ಸ."

"ಪಾಯ್ಸವಾ! ಮದಿ ಮನಿಯಂಗೂ ಪಾಯ್ಸ ಬಪ್ಪತ್ತಿಗೆ ಎಲಿ ಮಡ್ಚಿ ಏಳ್ತಿದ್ದ ಅಂವ. ಬಂಗ್ಡಿ ಅಂದೇಳುಕೆ ಬಾಯ್ ಬರ್ಲಿಲ್ಯಾ ನಿಮ್ಗೆ? ಹುಟ್ಟಿದಲ್ಲಿಂದ ಮೀನ್ ಹಿಡ್ದ್ ಬದ್ಕಿದೋರಿಗೆ ಎಂತ ನಾಚ್ಕಿ?"

ಮಧ್ಯಾಹ್ನ ಹನ್ನೆರಡು ದಾಟಿದರೆ ಆ ಸ್ವಾಮಿಗಳು ಏನನ್ನೂ ಉಣ್ಣುವುದಿಲ್ಲವೆಂದು ನಿಮಲ್ ಹೇಳಿದ್ದ. ನಮಗೆ ಒಂದೂವರೆಯಾದಾಗ ಅಲ್ಲಿ ಹನ್ನೆರಡು. ಗಡಿಯಾರದಲ್ಲಿ ಹತ್ತು ನಿಮಿಷ ಕಡಿಮೆ ಒಂದು. ದುಬೈಗೆ ಮಾತಾಡುವ ಆ್ಯಪು ಮನೆಯೊಳಗೆ ಹಿಡಿಯಲಿಲ್ಲ, ಅಂಗಳದಲ್ಲೂ ಹಿಡಿಯಲಿಲ್ಲ. ಬಂದರಿನ ಕಡೆಗೆ ಓಡಿದೆ. ವನಜ ಬರಿಗಾಲಿನಲ್ಲಿ ಹಿಂದೆಯೇ ಬಂದಳು.

ಹರಾಜು ಮುಗಿದ ಜಾಗದಲ್ಲಿ ನನ್ನ ತಂಗಿ ಪದ್ದು ಬುಟ್ಟಿ ತೊಳೆಯುತ್ತಿದ್ದಳು. "ಎಂತ ಅಣ್ಣಾ, ಫೋನ್ ಎತ್ತಿ ಹಿಡ್ಕಂಡ್ ತಿರ್ಗ್ತ್ರಿ? ಬಲಿ ಬೀಸುಕೆ ಹೊರ್ಟ್ರಾ?" ಎಂದವಳು ನನ್ನ ಮುಖ ನೋಡಿ ಬುಟ್ಟಿ ಕೆಳಗಿಟ್ಟಳು.

ಒಂದು ಹದಿನೈದಕ್ಕೆ ನಿಮಲನ ಮುಖ ಕಾಣಿಸಿತು. ಬಿಳಿ ಬಟ್ಟೆ ಉಟ್ಟಿದ್ದ. ಹಿಂದೆ ಬಿಳಿ ಬಟ್ಟೆಯ ಗಂಡಸರು ಹೆಂಗಸರು ನೆಲದ ಮೇಲೆ ಕುಳಿತಿದ್ದರು. ನಡುವೆ ಹೊಂಬಣ್ಣದ ಕೂದಲಿನ ಒಬ್ಬಳು, ಬೇರಾವುದೋ ದೇಶದ ಇಬ್ಬರು.

"ನಿಮಲ್, ಬಂಗುಡೆ! ಅವನಿಗೆ ಇಷ್ಟ ಬಂಗುಡೆ. ಪಾಯಸ ಸುಳ್ಳು!"

"ನನಗೆ ಗೊತ್ತಿತ್ತು ಚಾಚಾ," ಎಂದ ಅವನು. "ಆದರೆ ನೀವು ತಂದೆ. ನಿಮ್ಮ ಮಾತು ಮೀರುವುದು ಹೇಗೆ?"

ಕೆಳಗಿನ ಬೀದಿಯಲ್ಲಿ ಮಲಯಾಳಿಗಳ ಹೋಟೆಲಿದೆಯೆಂದು ಹೇಳಿ, ಫೋನನ್ನು ಯಾರದೋ ಕೈಗೆ ಕೊಟ್ಟು ಓಡಿದ. ನಾನು ಕಂಡದ್ದು ಮುದಿ ಭಿಕ್ಕುವಿನ ತಟ್ಟೆ. ಒಂದೊಂದೇ ತುತ್ತು ಮುಗಿಯುತ್ತಿತ್ತು. ಮೆಲ್ಲಗೆ ಉಣ್ಣಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವರು ಉಂಡರು, ನೀರು ಕುಡಿದರು, ಕೈ ತೊಳೆದರು. ಆಮೇಲೆ ನಿಮಲ್ ಏದುಸಿರು ಬಿಡುತ್ತ ಕಾಗದದ ಪೊಟ್ಟಣ ಹಿಡಿದು ಬಂದು ಬಾಗಿಲಲ್ಲೇ ನಿಂತ.

ಅಲ್ಲಿ ಹನ್ನೆರಡು ದಾಟಿ ನಾಲ್ಕು ನಿಮಿಷ.

ಭಿಕ್ಕು ಸಿಂಹಳದಲ್ಲಿ ಏನೋ ಹೇಳಿದರು. "ಕೊಡಬೇಕೆಂಬ ಮನಸ್ಸು ಬಂತಲ್ಲ, ಅದು ಸಾಕಂತೆ," ಎಂದ ನಿಮಲ್.

ಮನಸ್ಸೇ ಸಾಕಾದರೆ ಅಡಿಗೆ ಯಾಕೆ ಮಾಡಿದರು? ಹಿರಿಯರಿಗೆ ಹಾಗೆ ಹೇಳಬಾರದೆಂದು ತಲೆ ಬಾಗಿಸಿದೆ. ಅವರ ಪದ್ಧತಿಯಂತೆ, ಪುಣ್ಯ ಹೋದವನಿಗೆ ಮುಟ್ಟಲೆಂದು, ಹೂಜಿಯಿಂದ ಬಟ್ಟಲಿಗೆ ನೀರು ಹೊಯ್ದರು. ಬಟ್ಟಲು ತುಂಬಿ ಹರಿಯುವವರೆಗೂ ಮಂತ್ರ ನಡೆಯಿತು. ನನ್ನ ಕಣ್ಣು ಪೊಟ್ಟಣದ ಮೇಲೆಯೇ ಇತ್ತು.

ಎಲ್ಲ ಮುಗಿದು ಜನ ಊಟಕ್ಕೆ ಕುಳಿತಾಗ ಹೇಳಿದೆ, "ಅದನ್ನು ನೀನು ತಿನ್ನು, ನಿಮಲ್. ನನ್ನೆದುರು ತಿನ್ನು."

ಅವನು ಫೋನನ್ನು ಗೋಡೆಗೆ ಒರಗಿಸಿ ಕುಳಿತ. ಹುರಿದ ಬಂಗುಡೆಯ ಬೆನ್ನು ಬಿಡಿಸಿ, ಮುಳ್ಳು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟ. ಮಿಥುನ ಎತ್ತುತ್ತಿದ್ದುದೂ ಹಾಗೆಯೇ.

ವನಜ ನನ್ನ ತೋಳು ಹಿಡಿದಳು. "ತಲಿ ಬಿಡ್ಬೇಡ ಅಂದೇಳಿ ಅವ್ನಿಗೆ. ನಮ್ ಮಗ ತಲಿ ಬಿಡ್ತಿರ್ಲಿಲ್ಲ."

ಹೇಳಿದೆ. ನಿಮಲ್ ತಲೆಯನ್ನು ಬಾಯಿಗಿಟ್ಟು ಚೀಪಿದ. ಆಮೇಲೆ ಪೊಟ್ಟಣದೊಳಗೆ ನೋಡಿದ.

"ಇನ್ನೊಂದಿದೆ, ಚಾಚಾ."

"ಅದನ್ನೂ ತಿನ್ನು," ಎಂದೆ.