ಸಾಂತಪ್ಪ ಗುಡಿಗೆ ಯಾಕೆ ಬರುವುದಿಲ್ಲ?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷ ಕಳೆದರೂ ಬೊಳ್ಳಮ್ಮನಿಗೆ ಆ ಸಿಟ್ಟು ಇಳಿದಿರಲಿಲ್ಲ. ಅದರ ಮೇಲೆ ಮಗನ ಚಿಂತೆ ಬೇರೆ.

"ಕೊಡಗು ಮೈಸೂರಿಗೆ ಸೇರ್ತ್, ನನ್ನ ಮಗ ಇಗರ್ಜಿಗೆ ಸೇರ್ದ. ನಂಗೆ ಉಳ್ದದ್ ಎಂತ ಉಟ್ಟು, ನೀಲಾವತಿ?" ಎಂದು ಪಕ್ಕದ ಮನೆಯ ದಾದಿಯ ಮುಂದೆ ತನ್ನ ಅರೆಭಾಷೆಯಲ್ಲಿ ಗೋಳಾಡಿ ಮೂಗು ಸೀಟಿದಳು.

ಮಗ ಸಾಂತಪ್ಪ ಎಸ್ಟೇಟಿನ ಲಾರಿ ಡ್ರೈವರ್. ಅಲ್ಲೇ ಲೆಕ್ಕ ಬರೆಯುವ ರೈಟರ್ ಆಗಿದ್ದ, ಮಂಗಳೂರು ಕಡೆಯ ಕ್ರೈಸ್ತ ಲಾದ್ರುವಿನ ಜೊತೆ ಒಂದೇ ಮನೆ, ಒಂದೇ ಒಲೆ. ಅವರು ಬರೀ ಸ್ನೇಹಿತರಲ್ಲ, ಗಂಡ ಹೆಂಡತಿಯ ಹಾಗೆ ಒಬ್ಬರನ್ನೊಬ್ಬರು ಮೆಚ್ಚಿ ಬಾಳುತ್ತಿದ್ದಾರೆ ಎಂಬುದು ಬೊಳ್ಳಮ್ಮನಿಗೆ ಎಂದೋ ಗೊತ್ತಾಗಿತ್ತು. ಹೆಣ್ಣು ತೋರಿಸಿ ಸುಸ್ತಾಗಿ, ಅತ್ತು, ಊಟ ಬಿಟ್ಟು, ಹಸಿವಾಗಿ ಮತ್ತೆ ಉಂಡು, ಆ ವಿಷಯವನ್ನು ಅಲ್ಲಿಗೇ ಕೈಬಿಟ್ಟಿದ್ದಳು. ಲಾದ್ರುವನ್ನು ಮಾತ್ರ ಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಈಗ ಒಂದು ವರ್ಷದಿಂದ ಸಾಂತಪ್ಪ ಭಗವತಿಯ ಗುಡಿಗೆ ಕಾಲಿಟ್ಟಿಲ್ಲ. ಲಾದ್ರು ಅವನನ್ನು ಇಗರ್ಜಿಗೆ, ಅಂದರೆ ತಮ್ಮ ಚರ್ಚಿಗೆ, ಸೇರಿಸಿಕೊಂಡನೆಂದೇ ಅವಳ ನಂಬಿಕೆ. ಕಾವೇರಿ ಸಂಕ್ರಮಣ ಹತ್ತಿರ ಬಂತು. ತಲಕಾವೇರಿಗೆ ಹೋಗಿ ಮನೆಗೆ ತೀರ್ಥ ತರಬೇಕಾದವನು ಅವನೇ.

"ಅವ ತೀರ್ಥ ತಾರದಿದ್ರೆ ನಾ ಸಾಯುವಾಗ ಬಾಯಿಗೆ ಎಂತ ಬಿಡುವೊ? ಎಸ್ಟೇಟ್ ಕಾಫಿನಾ?"

"ಅವನನ್ನೇ ಕೇಳೋಣ, ಬನ್ನಿ" ಎಂದಳು ನೀಲಾವತಿ.

ಭಾನುವಾರ ಇಬ್ಬರೂ ಎಸ್ಟೇಟಿಗೆ ಹೋದರು. ಗೇಟಿನ ಹತ್ತಿರ ಕೊಡೆ ಹಿಡಿದ ದಪ್ಪ ಹೆಂಗಸೊಬ್ಬಳು ಬಸ್ಸಿಳಿದಳು. ಲಾದ್ರುವಿನ ತಾಯಿ ಸೆರಾಫಿನ್ ಬಾಯಿ. ಇವರು ಯಾರೆಂದು ತಿಳಿದದ್ದೇ ತಡ, ಕೊಡೆ ಮಡಚಿ ಶುರುಮಾಡಿದಳು.

"ನಿಮ್ಮ ಮಗ ನನ್ನ ಮಗನನ್ನು ಹಿಂದು ಮಾಡಿದ! ಒಂದು ವರ್ಷದಿಂದ ಇಗರ್ಜಿಗೆ ಬರುವುದಿಲ್ಲ ಅವನು!"

"ಎಂತ? ನಿಮ್ಮವನಲ್ವಾ ನನ್ನ ಮಗನ ಕೆಡ್ಸಿದ್ದ್?"

ಜಗಳ ದಾರಿಯುದ್ದಕ್ಕೂ ನಡೆದು ಮನೆಯೊಳಗೇ ಬಂತು. ಲಾದ್ರು ಹಂದಿ ಮಾಂಸ ಹುರಿಯುತ್ತಿದ್ದ. ಸಾಂತಪ್ಪ ಈರುಳ್ಳಿ ಹೆಚ್ಚುತ್ತಿದ್ದ. ಗೋಡೆಯ ಮೇಲೆ ಶಿಲುಬೆಯೂ ಇಲ್ಲ, ದೇವಿಯ ಪಟವೂ ಇಲ್ಲ. ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ಒಂದೇ. ತಾಯಂದಿರು ನಾಲ್ಕೂ ಗೋಡೆಗಳತ್ತ ಕಣ್ಣಾಡಿಸಿದರು.

"ಹಾಗಾದ್ರೆ ಎಲ್ಲಿಗೂ ಸೇರಿಲ್ಲೆಯಾ?" ಎಂದಳು ಬೊಳ್ಳಮ್ಮ.

"ಯೇಸುವೇ! ಇದಕ್ಕಿಂತ ಹಿಂದುವಾದರೂ ಆಗಬಾರದಿತ್ತಾ!" ಎಂದು ಸೆರಾಫಿನ್ ಬಾಯಿ ನಾಲಿಗೆ ಕಚ್ಚಿಕೊಂಡಳು.

ಸಾಂತಪ್ಪ ಕತ್ತಿ ಕೆಳಗಿಟ್ಟ. "ನಾ ದೇವರ ಬಿಟ್ಟಿಲ್ಲೆ ಅವ್ವಾ. ಕಳ್ದ ವರ್ಷ ಆರತಿ ತಟ್ಟೆ ಹಿಡ್ದ್ ನಿಂತಿದ್ದೆ. ನಿನ್ನಂಥವ ಮುಟ್ಟಬಾರ್ದ್ ಅಂತ ಗುಡಿ ಮೊಕ್ತೇಸರ ಜಯಪ್ಪಣ್ಣ ಕಿತ್ಕಂಡ. ನೀ ಎಂತ ಹೇಳ್ದೆ? ಗಲಾಟೆ ಬೇಡ, ಹಿಂದೆ ಹೋಗ್ ಅಂದೆ."

"ಇಗರ್ಜಿಯಲ್ಲಿ ನನಗೂ ಹಾಡಬೇಡ ಎಂದರು, ಮಮ್ಮಿ. ನೀವು ಅಲ್ಲೇ ಇದ್ದಿರಿ" ಎಂದ ಲಾದ್ರು. ಸೆರಾಫಿನ್ ಬಾಯಿ ಕೊಡೆಯ ಹಿಡಿಯನ್ನೇ ನೋಡುತ್ತ ನಿಂತಳು.

ನೀಲಾವತಿ ಹೇಳಿದಳು: "ಎಲ್ಲ ಜಾತಿಯವರ ಹೆರಿಗೆಯನ್ನೂ ನಾನು ಮಾಡಿಸಿದ್ದೇನೆ. ಇಂಥ ಮಕ್ಕಳು ಎಲ್ಲ ಮನೆಯಲ್ಲೂ ಹುಟ್ತಾರೆ. ಇದು ರೋಗ ಅಲ್ಲ, ಯಾರೋ ಕಲಿಸಿದ್ದೂ ಅಲ್ಲ. ಬಾಗಿಲು ಹಾಕೋದು ನಾವು. ಆಮೇಲೆ ಜಾತಿ ಕೆಟ್ಟ ಅಂತ ಬೊಬ್ಬೆ ಹೊಡೆಯೋದೂ ನಾವೇ."

ಬೊಳ್ಳಮ್ಮನಿಗೆ ಆಗ ತಿಳಿಯಿತು. ಮಗನನ್ನು ಯಾವ ಇಗರ್ಜಿಯೂ ಕಸಿದುಕೊಂಡಿರಲಿಲ್ಲ. ತಾನೇ ಕಳೆದುಕೊಂಡಿದ್ದಳು.

ಮುಂದಿನ ಶುಕ್ರವಾರ ಅವಳು ಮಗನ ಕೈ ಹಿಡಿದು ಗುಡಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತಳು. ತಟ್ಟೆ ಹಿಡಿದಿದ್ದ ಜಯಪ್ಪ ಕೆಮ್ಮಿದ.

"ಜನ ಎಂತ ಹೇಳುವೊ, ಬೊಳ್ಳಮ್ಮ?"

"ನಾನೂ ಒಂದ್ ಜನ. ನಾ ಹೇಳ್ತೊಳೆ, ತಟ್ಟೆ ಕೊಡ್."

ಜಯಪ್ಪ ಸಹಾಯಕ್ಕೆ ಸುತ್ತ ನೋಡಿದ. "ಕೊಡಿ ಮಾರಾಯ್ರೆ, ಕರ್ಪೂರ ಆರ್ತಾ ಉಟ್ಟು!" ಎಂದಳು ಅವನದೇ ಹೆಂಡತಿ ಸುಲೋಚನಮ್ಮ. ತಟ್ಟೆ ಸಾಂತಪ್ಪನ ಕೈಗೆ ಬಂತು. ಆ ಭಾನುವಾರ ಇಗರ್ಜಿಯಲ್ಲಿ ಲಾದ್ರು ಹಾಡಿದ. ಸೆರಾಫಿನ್ ಬಾಯಿ ಮುಂದಿನ ಬೆಂಚಿನಲ್ಲಿ ಕೊಡೆ ಹಿಡಿದೇ ಕೂತಿದ್ದಳು, ಅವನನ್ನು ತಡೆಯಲು ಯಾರೂ ಬರಲಿಲ್ಲ.

ಸಂಕ್ರಮಣ ಕಳೆದು ಸಾಂತಪ್ಪ ತೀರ್ಥ ತಂದು ತಾಯಿಯ ಅಂಗೈಗೆ ಹಾಕಿದ. ಬೊಳ್ಳಮ್ಮ ಕುಡಿದು ಕಣ್ಣೊರೆಸಿಕೊಂಡಳು. ಅಂಗಳದಾಚೆ ಲಾರಿಯಲ್ಲಿ ಲಾದ್ರು ಕಾಯುತ್ತಿದ್ದ.

"ಅವ ಎಂತಕೆ ಅಲ್ಲಿ ಕೂತೊಳ? ಒಳಗೆ ಕರಿ. ಊಟಕ್ಕೆ ಎಲೆ ಹಾಕ್ತೊಳೆ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗುಡಿಗೋ ಇಗರ್ಜಿಗೋ ಮಸೀದಿಗೋ ಬರುತ್ತಿದ್ದವನೊಬ್ಬ ಈಗ ಬರುತ್ತಿಲ್ಲವೇ? ಅವನು ಗಂಡಸನ್ನು ಮೆಚ್ಚಿದವನಿರಲಿ, ಹೆಣ್ಣು ಗಂಡು ಇಬ್ಬರನ್ನೂ ಮೆಚ್ಚಬಲ್ಲವನಿರಲಿ, ಹೋಗಿ ಕರೆಯಿರಿ. ಯಾರಾದರೂ ಅವನನ್ನು ತಡೆದರೆ, ಅಂದು ನೀವು ಸುಮ್ಮನೆ ನಿಲ್ಲಬೇಡಿ.